ಕಟ್ ಮಾಡಿದರ ಕರೆಂಟ್ ಐತಿ

"ಅಪ್ಪಾ, ನಿನ್ನ ಹಳೀ ಬಟನ್ ಫೋನ್ ಎಲ್ಲಿಟ್ಟಿ?" ಎಂದು ದಾಕ್ಷಾಯಿಣಿ ಅಡಿಗೆಮನೆಯಿಂದ ಕೇಳಿದಾಗ ಗುರುಪಾದ ಕನ್ನಡಿಯ ಮುಂದೆ ನಿಂತು ಒಂದು ಗಲ್ಲವನ್ನಷ್ಟೇ ಬೋಳಿಸಿ ಮುಗಿಸಿದ್ದ. ಕೈ ಅಲ್ಲೇ ನಿಂತಿತು. ಯಾವ ಫೋನು ಎಂದು ಕೇಳಿಯೂ ಬಿಟ್ಟ, ಮನೆಯಲ್ಲಿ ಅಂಥದ್ದು ಇದ್ದದ್ದು ಒಂದೇ ಎಂಬುದು ಇಬ್ಬರಿಗೂ ಗೊತ್ತಿದ್ದರೂ. ಮಗಳು ಹುಕ್ಕೇರಿಯಿಂದ ಬಂದು ನಾಲ್ಕು ದಿನವಾಗಿತ್ತು. ನಾಲ್ಕು ದಿನವೂ ಅವಳು ತಾಯಿಯ ಮಂಚದ ಮೇಲೆ ಕೂತು, ತನ್ನ ದೊಡ್ಡ ಫೋನನ್ನು ತಾಯಿಯ ಎಡಗೈಗೆ ಕೊಟ್ಟು, ಇಲ್ಲಿ ಒತ್ತು, ಇಲ್ಲಿ, ಎಂದು ಮಗುವಿಗೆ ಹೇಳಿದ ಹಾಗೆ ಹೇಳಿಕೊಡುತ್ತಿದ್ದಳು. ತಾಯಿ ಗೌರವ್ವನ ಬಲಗೈ ಲಕ್ವಾ ಹೊಡೆದು ಬಿದ್ದು ಮೂರು ವರ್ಷ. ಅದರ ಜೊತೆಗೆ ಮಾತೂ ಬಿದ್ದುಹೋಗಿತ್ತು. ಉಳಿದ ಎಡಗೈಯ ಬೆರಳುಗಳು ರೊಟ್ಟಿ ಬಡಿದೂ ಬಡಿದೂ ಹಂಚಿನ ತಳದಂತೆ ಗಡುಸಾಗಿದ್ದವು. ಗಾಜಿನ ಮೇಲೆ ಎಷ್ಟು ಒತ್ತಿದರೂ ಅದು ಬೆರಳೆಂದು ಫೋನಿಗೆ ತಿಳಿಯುತ್ತಿರಲಿಲ್ಲ.

"ನೀ ಗಿರಣಿಗಿ ಹೋದಾಗ ಅವ್ವ ಒಬ್ಬಾಕಿ ಇರ್ತಾಳಪಾ. ಗುಂಡಿ ಒತ್ತಿ ಹಿಡದ್ರ ನಿನಗ ಫೋನ್ ಬರಬೇಕು, ಅಷ್ಟ. ಅದಕ್ಕ ಬಟನ್ ಫೋನ ಛಲೋ."

"ಅದು ಕೆಟ್ಟೈತಿ."

"ಆ ಫೋನು? ಕೆಡತೈತಿ?" ದಾಕ್ಷಾಯಿಣಿ ನಕ್ಕಳು. "ಗಿರಣಿ ಕೆಡಬಹುದು, ನೀ ಕೆಡಬಹುದು, ಅದು ಕೆಡೂದಿಲ್ಲ."

ಹೊರಗಿನ ಕೋಣೆಯ ಮಂಚದಲ್ಲಿ ದಿಂಬಿಗೆ ಒರಗಿಸಿ ಕೂರಿಸಿದ್ದ ಗೌರವ್ವ ಇದನ್ನೆಲ್ಲ ಕೇಳಿಸಿಕೊಂಡಿದ್ದಳೋ ಇಲ್ಲವೋ. ಕನ್ನಡಿಯ ಮೂಲೆಯಲ್ಲಿ ಅವಳ ಕಣ್ಣು ಕಾಣುತ್ತಿತ್ತು. ಆ ಕಣ್ಣುಗಳಿಗೆ ಏನೂ ಆಗಿರಲಿಲ್ಲ. ಅದೇ ಕಷ್ಟ. ಮುಖದ ಒಂದು ಬದಿ ಜೋತುಬಿದ್ದಿತ್ತು, ತುಟಿ ಓರೆಯಾಗಿತ್ತು, ಆದರೆ ಕಣ್ಣು ಮಾತ್ರ ಮದುವೆಯಾಗಿ ಬಂದ ದಿನ ಹೇಗಿತ್ತೋ ಹಾಗೆಯೇ ಇದ್ದು, ಅವನು ಎಲ್ಲಿ ನಿಂತರೆ ಅಲ್ಲಿಗೆ ತಿರುಗುತ್ತಿತ್ತು. ಗುರುಪಾದ ಇನ್ನೊಂದು ಗಲ್ಲವನ್ನು ಬೇಗಬೇಗ ಬೋಳಿಸಿಕೊಂಡು ಎರಡು ಕಡೆ ಗಾಯ ಮಾಡಿಕೊಂಡ.

ಫೋನು ಟ್ರಂಕಿನಲ್ಲಿ, ಮಡಿಸಿಟ್ಟ ಧೋತರದ ಕೆಳಗೆ ಇತ್ತು. ಎಲ್ಲರೂ ಹೊಗಳುವ ಫೋನು. ಅವನ ಹಿಟ್ಟಿನ ಗಿರಣಿಯಲ್ಲಿ, ಹಿಟ್ಟು ಬೀಳುವ ಬಾಯಿಗೆ ಒಮ್ಮೆ ಬಿದ್ದಿತ್ತು. ಕ್ವಿಂಟಲ್ ಗೋಧಿಯ ಚೀಲದ ಕೆಳಗೆ ಒಂದು ಇಡೀ ದಿನ ಸಿಕ್ಕಿಕೊಂಡಿತ್ತು. ಎಮ್ಮೆ ತುಳಿದಿತ್ತು. ಪ್ರತಿ ಸಲವೂ ಧೂಳು ಕೊಡವಿ ಎತ್ತಿಕೊಂಡರೆ ಏನೂ ಆಗಿಲ್ಲವೆಂಬಂತೆ ಹಸಿರಾಗಿ ಬೆಳಗುತ್ತಿತ್ತು. ಆಗಿನ ವಸ್ತುವಿನ ಗಟ್ಟಿತನ ಈಗೆಲ್ಲಿ ಎಂದು ಗಿರಣಿಗೆ ಬಂದವರೆಲ್ಲ ಅನ್ನುತ್ತಿದ್ದರು, ಅವನೂ ಅನ್ನುತ್ತಿದ್ದ, ಮೂರು ವರ್ಷದ ಹಿಂದಿನವರೆಗೆ. ಆಮೇಲೆ ಒಂದು ಮಧ್ಯಾಹ್ನ ಅವನು ಬೇಕೆಂದೇ ಅದನ್ನು ದನದ ನೀರಿನ ತೊಟ್ಟಿಗೆ ಹಾಕಿದ. ಜಾರಿ ಬಿತ್ತು ಎಂದು ತನಗೆ ತಾನೇ ಹೇಳಿಕೊಳ್ಳುವಷ್ಟೂ ನಾಟಕ ಮಾಡಲಿಲ್ಲ. ಹಾಕಿದ, ಸಂಜೆಯವರೆಗೆ ಬಿಟ್ಟ. ಮರುದಿನ ಒರೆಸಿ, ಬಿಸಿಲಿಗಿಟ್ಟು, ಬ್ಯಾಟರಿ ಹಾಕಿ ನೋಡಿದರೆ ಅದು ಬೆಳಗಿತು. ಒಳಗಿದ್ದದ್ದೂ ಇದ್ದ ಹಾಗೇ ಇತ್ತು. 'ಮನಿ' ಎಂಬ ಹೆಸರು. ಅದರ ಕೆಳಗೆ ಒಂದರ ಮೇಲೊಂದು ಐದು ವೇಳೆಗಳು. ಮೊದಲನೆಯದು ಒಂದಕ್ಕೆ ಎರಡು ನಿಮಿಷ ಕಡಿಮೆ, ಕೊನೆಯದು ಒಂದು ಹದಿನೇಳು. ಎತ್ತದೇ ಬಿಟ್ಟ ಕರೆಗಳು. ಸುಟ್ಟುಬಿಡಬಹುದಿತ್ತು, ಬಾವಿಗೆ ಒಗೆಯಬಹುದಿತ್ತು. ಹಾಗೂ ಮಾಡಲಿಲ್ಲ. ವರ್ಷಕ್ಕೆ ನಾಲ್ಕು ಸಲ ಗಿರಣಿಯಲ್ಲಿ ಯಾರೂ ಇಲ್ಲದಾಗ ಚಾರ್ಜಿಗೆ ಹಚ್ಚಿ, ಆ ಐದನ್ನೂ ಓದಿ, ಮತ್ತೆ ತಂದು ಧೋತರದ ಕೆಳಗೆ ಇಡುತ್ತಿದ್ದ.

ಈಗ ಅದನ್ನು ಮಗಳ ಕೈಗೆ ಕೊಡಬೇಕು. ಅವಳು ಗುಂಡಿ ಒತ್ತಿ ನೋಡುವವಳೇ. ನೋಡಿದರೆ ಕೇಳುವವಳೇ.

"ಬ್ಯಾಟರಿ ಉಬ್ಬೈತವಾ. ಗೋಕಾಕಕ್ಕ ಹೋಗಿ ಹಾಕಿಸ್ಕೊಂಡ ಬರ್ತೇನಿ," ಎಂದ. ಬ್ಯಾಟರಿ ಉಬ್ಬಿದ್ದು ಖರೆಯೇ.

"ಹೊಸಾ ಸಿಮ್ಮೂ ತೊಗೊಂಡ ಬಾ. ಆಧಾರ್ ಮರೀಬ್ಯಾಡ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅಂಗಿಯ ಎಡಜೇಬಿನಲ್ಲಿ ಫೋನಿಟ್ಟುಕೊಂಡು ಕೂತಾಗ ಎದೆಯ ಮೇಲೆ ಆ ಹಳೆಯ ಭಾರ ಮತ್ತೆ ಬಂದು ಕೂತಂತಾಯಿತು. ಈಗಿನ ಅಗಲವಾದ ಫೋನು ಆ ಜಾಗದಲ್ಲಿ ಕೂರುವುದೇ ಇಲ್ಲ. ಗಿರಣಿ ತಿರುಗುವಾಗ ಕಿವಿಗೆ ಏನೂ ಕೇಳಿಸುವುದಿಲ್ಲವೆಂದು ಅವನು ಫೋನನ್ನು ಅಲ್ಲಿಟ್ಟುಕೊಂಡು, ಅದು ಅದುರಿದರೆ ಎದೆಯಿಂದ ತಿಳಿದುಕೊಳ್ಳುತ್ತಿದ್ದ. ಆಗ ಅವರ ಊರು ಮಸಗುಪ್ಪಿಯಲ್ಲಿ ಕರೆಂಟಿನ ಭರವಸೆ ಇರಲಿಲ್ಲ. ಜೋಳದ ಡಬ್ಬಿ ಹೊತ್ತುಕೊಂಡು ತೋಟದ ಮನೆಗಳಿಂದ ಬಂದ ಹೆಂಗಸರು, ಗಿರಣಿ ನಿಂತದ್ದು ಕಂಡು, ಬಾಗಿಲಲ್ಲೇ ಡಬ್ಬಿ ಕುಕ್ಕಿ ಅವನ ಹುಟ್ಟನ್ನೇ ಬೈಯುತ್ತಿದ್ದರು. ಉಪಾಯ ಹೇಳಿದವಳು ಗೌರವ್ವ. "ಅವರು ನಿಮಗ ಮಿಸ್ ಕಾಲ್ ಕೊಡ್ಲ್ರಿ. ಕರೆಂಟ್ ಇತ್ತಂದ್ರ ನೀವು ಕಟ್ ಮಾಡ್ರಿ, ಬರ್ತಾರ. ಇಲ್ಲಂದ್ರ ಸುಮ್ನ ಬಿಟ್ಟಬಿಡ್ರಿ. ಬಡಕೊಂಡು ಬಡಕೊಂಡು ತಾನ ನಿಂದರ್ತೈತಿ. ತಿಳಕೊಂಡು ಮನ್ಯಾಗ ಕುಂದರ್ತಾರ." ಒಂದು ತಿಂಗಳಲ್ಲಿ ಅದು ಊರಿಗೇ ಕಾಯ್ದೆಯಾಯಿತು. ಕಟ್ ಮಾಡಿದರೆ ಕರೆಂಟ್ ಇದೆ. ಕುರಿ ಕಾಯುವ ಪರಸಪ್ಪ ಕೂಡ ಹೊಲದ ದಂಡೆಯಲ್ಲಿ ನಿಂತು ಮಿಸ್ ಕಾಲ್ ಕೊಟ್ಟು, ಅವನು ಕಟ್ ಮಾಡಿದ ಮೇಲೆಯೇ ಸಜ್ಜೆಯ ಚೀಲ ಹೆಗಲಿಗೇರಿಸುತ್ತಿದ್ದ. ಹಿಟ್ಟಿನ ಕೈಯಲ್ಲಿ ಕೆಂಪು ಗುಂಡಿ ಒತ್ತಿ ಒತ್ತಿ ಫೋನಿನ ಸಂದಿಗಳಲ್ಲೆಲ್ಲ ಹಿಟ್ಟು ಕೂತು ಸಿಮೆಂಟಾಯಿತು. ಆಮೇಲೆ ಮಾತಾಡುವುದು ಪುಕ್ಕಟೆಯಾಯಿತು, ಕರೆಂಟೂ ಸುಧಾರಿಸಿತು, ಆದರೂ ಯಾರೂ ಮಾತಾಡಲಿಲ್ಲ. ಅದು ರೂಢಿಯಾಗಿತ್ತು. ಗಂಡ ಹೆಂಡಿರ ನಡುವೆಯೂ ಅದೇ. ಮಧ್ಯಾಹ್ನ ರೊಟ್ಟಿ ಆದರೆ ಅವಳದ್ದೊಂದು ಮಿಸ್ ಕಾಲ್. ಅವನು ಕಟ್ ಮಾಡಿದರೆ ಬಂದೆ ಎಂದು. ಬಿಟ್ಟರೆ ಈಗಾಗುವುದಿಲ್ಲ ಎಂದು. ಒಮ್ಮೆ ಮಾತ್ರ ಅವನು ತಪ್ಪಿ ಹಸಿರು ಗುಂಡಿ ಒತ್ತಿಬಿಟ್ಟಿದ್ದ. ಆ ತುದಿಯಲ್ಲಿ ಗೌರವ್ವ ಹೌಹಾರಿ, "ಅಯ್ಯ, ಎತ್ತಿಬಿಟ್ರ್ಯಾ!" ಎಂದು ನಗುತ್ತಾ ಇಟ್ಟುಬಿಟ್ಟಿದ್ದಳು. ಅವಳ ದನಿ ಫೋನಿನಲ್ಲಿ ಅಷ್ಟು ಎಳೆಯದೆಂದು ಅವನಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಮತ್ತೆ ಕೇಳಬೇಕೆನ್ನಿಸಿತ್ತು. ಹೇಗೆ ಕೇಳುವುದು? ಹೆಂಡತಿಗೆ ಸುಮ್ಮನೆ ಫೋನು ಹಚ್ಚಿ ಮಾತಾಡು ಎನ್ನುವ ಗಂಡಸೇ ಅವನು?

ಮುಂದಿನ ಸೀಟಿನವನು ಫೋನಿನಲ್ಲಿ ಯಾರಿಗೋ ತನ್ನ ಬಸ್ಸು ತೋರಿಸುತ್ತಿದ್ದ. ತೆರೆಯ ಮೇಲೆ ಮೂಡಿದ ಮುಖ ಎಲ್ಲಿದ್ದಿ ಎಂದು ಕೇಳುತ್ತಿತ್ತು. ಈಗ ಎಲ್ಲರೂ ಎಲ್ಲರಿಗೂ ಕಾಣುತ್ತಾರೆ. ಆ ಐದು ಕರೆಗಳು ಬಂದ ದಿನ ಸಂಕೇಶ್ವರದ ವಾಸ್ತುಶಾಂತಿಯಲ್ಲಿ ಅಣ್ಣಾಸಾಹೇಬನೂ ಇಂಥದೇ ಫೋನು ಹಿಡಿದು, ಹೊಸ ಮನೆಯ ಪಡಸಾಲೆಯ ಜಮಖಾನದ ಮೇಲೆ ಕೂತ ಗಂಡಸರಿಗೆಲ್ಲ ತೋರಿಸುತ್ತಿದ್ದ. ದೊಡ್ಡಪ್ಪನ ಮಗ ಅವನು. ಕೊಲ್ಹಾಪುರದ ಕಡೆ ವ್ಯಾಪಾರ, ಕೊರಳಲ್ಲಿ ಲಿಂಗದ ಕರಡಿಗೆಯೂ ಬಂಗಾರದ್ದು. ಇದು ನಾವು ನಡೆದ ಹೆಜ್ಜೆಗಳನ್ನೂ ಎಣಿಸುತ್ತದೆ ಎಂದು ಅವನು ಹೇಳುತ್ತಿದ್ದಾಗಲೇ ಗುರುಪಾದನ ಜೇಬು ಒದರಿತು. ತೆಗೆದ. ಹಿಟ್ಟು ಕಚ್ಚಿ ಬೆಳ್ಳಗಾದ ಆ ಫೋನು ಅಷ್ಟು ಮಂದಿಯ ನಡುವೆ ಕೈಯಲ್ಲಿ ಗಡಗಡ ಅದುರುತ್ತಿತ್ತು.

"ಲೇ ಗುರುಪಾದ, ನಿನ್ನ ಹಿಟ್ಟಿನ ಡಬ್ಬಿ ಒದರಾಕತ್ತೈತಲ್ಲೋ!" ಎಂದ ಅಣ್ಣಾಸಾಹೇಬ. ಎಲ್ಲರೂ ನಕ್ಕರು. ಗುರುಪಾದನೂ ನಕ್ಕ. ನಿಂತಿತು, ಮತ್ತೆ ಒದರಿತು. "ಹಾಜರಿ ತೊಗೊಳ್ಳಾಕತ್ತಾಳೇನ ತಂಗಿ? ಎಸ್ ಅನ್ನೋ, ಎಸ್ ಸರ್ ಅನ್ನು!" ಜಮಖಾನ ಪೂರಾ ನಗುತ್ತಿತ್ತು. ಕಟ್ ಮಾಡುವ ಹಾಗಿರಲಿಲ್ಲ, ಕಟ್ ಮಾಡಿದರೆ ಬಂದೆ ಎಂದಾಗುತ್ತದೆ, ಇನ್ನೂ ಎಲೆ ಹಾಕಿರಲಿಲ್ಲ. ಎತ್ತುವ ಹಾಗೂ ಇರಲಿಲ್ಲ, ಇಷ್ಟು ಗಂಡಸರ ಮುಂದೆ ಹೆಂಡತಿಯ ಜೊತೆ ಏನು ಮಾತಾಡುವುದು. ಅವನು ಅದನ್ನು ತೊಡೆಯ ಕೆಳಗೆ ತಳ್ಳಿ, ತಮ್ಮೂರಿನ ಕಾಯ್ದೆಯನ್ನು ಅವರಿಗೆ ವಿವರಿಸಿದ. ನಗುವನ್ನು ತನ್ನ ಕಡೆಯಿಂದ ಫೋನಿನ ಕಡೆಗೆ ತಿರುಗಿಸಲು ಅದೊಂದೇ ದಾರಿಯಾಗಿತ್ತು. "ಸುಮ್ನ ಬಿಟ್ರ ಇಲ್ಲಾ ಅಂತ ಅರ್ಥ. ಆಕೀಗಿ ತಿಳೀತೈತಿ," ಎಂದ, ಸ್ವಲ್ಪ ಹೆಮ್ಮೆಯಿಂದಲೇ. ಗಂಡಸರು ತಲೆದೂಗಿದರು. ತೊಡೆಯ ಕೆಳಗೆ ಅದು ಮತ್ತೆ ಅದುರಿತು. ಯಾವುದೋ ಹುಳ ಸಾಯಲಾರದೆ ಒದ್ದಾಡಿದಂತೆ ಅನ್ನಿಸಿತ್ತು. ಈ ಹೋಲಿಕೆ ಅವತ್ತೇ ಹೊಳೆದದ್ದೋ, ಮೂರು ವರ್ಷ ನೆನೆದೂ ನೆನೆದೂ ಆಮೇಲೆ ತಾನೇ ಸೇರಿಸಿಕೊಂಡದ್ದೋ ಈಗ ಅವನಿಗೆ ಹೇಳಲಾಗುವುದಿಲ್ಲ. ಊಟಕ್ಕೆ ಹೋಳಿಗೆ ಇತ್ತು. ಎರಡು ಹಾಕಿಸಿಕೊಂಡಿದ್ದ. ಎರಡೂವರೆಗೆ ಪರಸಪ್ಪನ ನಂಬರಿನಿಂದ ಫೋನು ಬಂತು. ಅದನ್ನು ಒಂದೇ ರಿಂಗಿಗೆ ಎತ್ತಿದ, ಏಕೆಂದರೆ ಅದು ಹೆಂಡತಿಯದ್ದಾಗಿರಲಿಲ್ಲ. ಅವತ್ತೊಂದು ದಿನ ಮಿಸ್ ಕಾಲ್ ಕೊಡದೆಯೇ ಸಜ್ಜೆ ತಂದಿದ್ದ ಪರಸಪ್ಪ, ಗಿರಣಿ ಮುಚ್ಚಿದ್ದು ಕಂಡು ಮನೆಗೆ ಹೋದರೆ, ಒಲೆಯ ಮುಂದೆ ಗೌರವ್ವ ಬಿದ್ದಿದ್ದಳು, ಕೈಯಲ್ಲಿ ಫೋನಿತ್ತು.

ಘಟಪ್ರಭಾದ ಆಸ್ಪತ್ರೆಯಲ್ಲಿ ಡಾಕ್ಟರು ಒಂದೇ ಮಾತು ಹೇಳಿದ್ದರು. "ಒಂದ ತಾಸ ಮೊದಲ ತರಬೇಕಾಗಿತ್ತರಿ." ಬೈದು ಹೇಳಿದ್ದರೆ ಆಗುತ್ತಿತ್ತು. ಅವರು ಪೆನ್ನಿನ ಟೋಪಿ ಹಾಕುತ್ತಾ ಹೇಳಿದರು. ಹುಕ್ಕೇರಿಯಿಂದ ಓಡಿಬಂದ ದಾಕ್ಷಾಯಿಣಿ ತಾಯಿಯ ಫೋನಿನಲ್ಲಿ ಕೊನೆಗೆ ಒತ್ತಿದ್ದ ನಂಬರು ನೋಡಿ, "ಅಪ್ಪಾ, ಅವ್ವ ನಿನಗ ಫೋನ್ ಹಚ್ಯಾಳ. ಯಾಕ ಎತ್ತಲಿಲ್ಲ?" ಎಂದು ಕೇಳಿದಳು. ಆಗ ಅವನ ಬಾಯಿಂದ ತಡವರಿಸದೆ, ಮೊದಲೇ ರೆಡಿಯಾಗಿದ್ದಂತೆ ಬಂತು. "ಚಾರ್ಜ್ ಇಳದು ಬಂದ್ ಆಗಿತ್ತವಾ. ಊಟ ಆದಮ್ಯಾಲ ಅಣ್ಣಾಸಾಹೇಬನ ಮನ್ಯಾಗ ಚಾರ್ಜಿಗಿ ಹಚ್ಚಿದೆ." ಮಂಚದ ಮೇಲೆ ಗೌರವ್ವ ಕಣ್ಣು ತೆರೆದುಕೊಂಡೇ ಇದ್ದಳು. ಆ ಗದ್ದಲದಲ್ಲಿ ಅವಳ ಫೋನು ಎಲ್ಲೋ ಕಳೆದುಹೋಯಿತು. ಅವನ ಮಾತು ಮಾತ್ರ ಉಳಿಯಿತು. ಮೂರು ವರ್ಷದಿಂದ ನೋಡಲು ಬಂದವರಿಗೆಲ್ಲ ದಾಕ್ಷಾಯಿಣಿಯೇ ಅದನ್ನು ಹೇಳುತ್ತಾಳೆ, ಅಪ್ಪನ ಫೋನ್ ಬಂದ್ ಇತ್ರಿ, ಪಾಪ, ಆತನ ತಪ್ಪೇನ್ರಿ ಎಂದು. ಅಣ್ಣಾಸಾಹೇಬನೂ ಒಮ್ಮೆ ಮೋಸಂಬಿ ಹಿಡಿದು ಬಂದಿದ್ದ. ದಾಕ್ಷಾಯಿಣಿ ಹೇಳಿದ್ದನ್ನು ತಲೆ ತಗ್ಗಿಸಿ ಕೇಳಿದ. ಗುರುಪಾದನನ್ನು ನೋಡಲಿಲ್ಲ. ಚಹಾ ಅರ್ಧ ಬಿಟ್ಟು ಎದ್ದ. ಮತ್ತೆ ಬಂದಿಲ್ಲ.

ಗೋಕಾಕದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ದುಂಡೇಶನ ಮೊಬೈಲ್ ರಿಪೇರಿ ಅಂಗಡಿ. ನಾಲ್ಕು ಮೊಳ ಅಗಲದ ಜಾಗ. ಗಾಜಿನ ಕಪಾಟಿನ ಮೇಲೆ ಬಿಚ್ಚಿಟ್ಟ ಫೋನುಗಳು ಸುಲಿದ ಮೀನಿನ ಹಾಗೆ ಬಿದ್ದಿದ್ದವು. ದುಂಡೇಶನಿಗೆ ಮೂವತ್ತೈದರ ಮೇಲಾಗಿರಬೇಕು. ಗುರುಪಾದ ಜೇಬಿನಿಂದ ತೆಗೆದಿಟ್ಟದ್ದನ್ನು ಕಂಡದ್ದೇ ಅವನು ಕೈಯಲ್ಲಿದ್ದ ಕೆಲಸ ಬಿಟ್ಟ.

"ಅಬಬಬ! ಕಾಕಾ, ಎಲ್ಲಿಂದ ಹೊರಗ ತಗದ್ರಿ ಇದನ್ನ?" ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. "ನನ್ನ ಕೈ ಪಳಗಿದ್ದ ಇದರ ಮ್ಯಾಲ್ರಿ. ಈಗಿನ ಫೋನ್ ಅಂದ್ರ ಹಪ್ಪಳ ಇದ್ದಂಗ. ಜೋರ ಉಸಿರು ಬಿಟ್ರ ಮುರೀತಾವು."

ಬಾಜೂ ಸ್ಟೂಲಿನ ಮೇಲೆ ತನ್ನ ಸರದಿ ಕಾಯುತ್ತಿದ್ದ ಮುದುಕನೊಬ್ಬ ಕತ್ತು ಚಾಚಿದ. "ನಂದೂ ಇಂಥದ ಇತ್ತೋಪಾ. ಟ್ರ್ಯಾಕ್ಟರ್ ಹಾದು ಹೋತು ಅದರ ಮ್ಯಾಲ. ದನಾ ನೀರ ಕುಡಿಯೂ ಕಲ್ಲ ಡೋಣಿ ಸೀಳಿತು, ಫೋನ್ ಸೀಳಲಿಲ್ಲ. ಒಮ್ಮೆ ಚಾರ್ಜ್ ಮಾಡಿದ್ರ ಸೋಮಾರದಿಂದ ಸೋಮಾರಕ್ಕ."

"ಡೋಣಿಗಿ ಟ್ರ್ಯಾಕ್ಟರ್ ಯಾಕ ಹೋಗಿತ್ತರಿ ಅಜ್ಜಾರ?"

"ಹೋಗಿತ್ತು, ನಿನಗ್ಯಾಕ? ಸೀಳಲಿಲ್ಲ ಅಂದ್ರ ಸೀಳಲಿಲ್ಲ."

ದುಂಡೇಶ ನಗುತ್ತಾ ಹಿಂಬದಿ ತೆಗೆದು, ಉಬ್ಬಿದ ಬ್ಯಾಟರಿಯನ್ನು ಎತ್ತಿಟ್ಟು, ಬ್ರಶ್ಶಿನಿಂದ ಸಂದಿಗಳನ್ನು ಉಜ್ಜಿದ. ಗಟ್ಟಿಯಾದ ಹಿಟ್ಟು ಚೂರುಚೂರಾಗಿ ಗಾಜಿನ ಮೇಲೆ ಉದುರಿತು. "ಗಿರಣಿ ಏನ್ರಿ ಕಾಕಾ ನಿಮ್ಮದು? ಇದರಾಗ ಒಂದ ರೊಟ್ಟಿ ಆಗ್ತೈತಿ ನೋಡ್ರಿ." ಹೊಸ ಬ್ಯಾಟರಿ ಹಾಕಿದ. ಬೆಳಗಿತು. ಗುರುಪಾದ ದಾರಿಯುದ್ದಕ್ಕೂ ಉರುಹೊಡೆದದ್ದನ್ನು ಹೇಳಿದ.

"ಅದರಾಗಿಂದು ಹಳೇದೇನೈತಿ, ಅದನ್ನ ತಗದಬಿಡು ತಮ್ಮಾ. ಬಂದಿದ್ದ ಫೋನ್ ಗೀನ್."

"ಏನೂ ಇಲ್ರಿ ಇದರಾಗ. 'ಮನಿ' ಅಂತ ಒಂದ ಹೆಸರಿನ ಮಿಸ್ ಕಾಲ್ ಅದಾವ. ಕಾಕೂ ಅವರದೇನ್ರಿ? ಇರ್ಲಿ ಬಿಡ್ರಿ."

"ತಗಿ."

ದುಂಡೇಶನ ಹೆಬ್ಬೆರಳು ಮೂರು ಸಲ ಒತ್ತಿತು. ಮೂರೇ ಸಲ. "ಹೋತ್ರಿ," ಎಂದ. ತೊಟ್ಟಿಯ ನೀರಿಗೆ ಹೋಗದಿದ್ದದ್ದು, ಮೂರು ವರ್ಷ ಧೋತರದ ಕೆಳಗಿದ್ದೂ ಹೋಗದಿದ್ದದ್ದು ಹೋಯಿತು. ಗುರುಪಾದ ಮುದುಕನ ಪಕ್ಕ ಕೂತ. ಹಗುರವಾಗಬೇಕಿತ್ತು, ಆಗುತ್ತಲೂ ಇತ್ತು. ಇನ್ನು ಯಾರೂ ಏನನ್ನೂ ತೋರಿಸಲಾರರು. ಅಣ್ಣಾಸಾಹೇಬ ಹೇಳಿದರೂ ಅದು ಬರೀ ಮಾತು. ಓಣಿಯ ಬಿಸಿಲು, ಎದುರಿನ ಕರದಂಟಿನ ಅಂಗಡಿ, ತುಪ್ಪದ ವಾಸನೆ, ಎಲ್ಲ ಒಂದು ಗಳಿಗೆ ಚೊಕ್ಕಟವಾಗಿ ಕಂಡವು. ಗೌರವ್ವನಿಗೆ ಕಾಲು ಕಿಲೋ ಕರದಂಟು ಒಯ್ಯಬೇಕು, ಮೆತ್ತಗಿನದು, ಅಗಿಯಲು ಬರುವಂಥದ್ದು, ಎಂದುಕೊಂಡ.

ದುಂಡೇಶ ಹೊಸ ಸಿಮ್ಮು ಹಾಕಿ, ಎರಡನೇ ಗುಂಡಿಗೆ ಗುರುಪಾದನ ನಂಬರು ಕೂರಿಸಿ, ಫೋನನ್ನು ಗಾಜಿನ ಮೇಲಿಟ್ಟ. ಆಮೇಲೆ ಅಂಗಡಿಯ ಫೋನಿನಿಂದ ಅದಕ್ಕೆ ಹಚ್ಚಿ, "ಹಿಡೀರಿ ಕಾಕಾ, ಕಿವಿಗಿ ಹಚ್ಚಿ ನೋಡ್ರಿ, ಹೋಗಾಕತ್ತೈತೇನ," ಎಂದು ಕೊಟ್ಟು ಬೇರೆ ಗಿರಾಕಿಯ ಕಡೆ ತಿರುಗಿದ. ಗುರುಪಾದ ಕಿವಿಗೆ ಹಿಡಿದ. ಟ್ರಿಂಗ್ ಟ್ರಿಂಗ್. ಬಿಡುವು. ಟ್ರಿಂಗ್ ಟ್ರಿಂಗ್. ಎದುರಿಗೆ ಗಾಜಿನ ಮೇಲೆ ಆ ಹಳೆಯ ಫೋನು ಅದುರುತ್ತಾ, ಹಿಟ್ಟಿನ ಚೂರುಗಳ ನಡುವೆ ಇಷ್ಟಿಷ್ಟೇ ಸರಿಯುತ್ತಿತ್ತು. ಎರಡೂ ತುದಿ ಒಟ್ಟಿಗೆ ಅವನ ಮುಂದಿದ್ದವು.

"ಹೋಗತೈತೇನ್ರಿ? ಬಂದ್ ಇದ್ರ ಆ ಹೆಣಮಗಳು ಮಾತಾಡ್ತಾಳ್ರಿ, ಸ್ವಿಚ್ ಆಫ್ ಆಗಿದೆ ಅಂತ. ರಿಂಗ್ ಕೇಳಾಕತ್ತೈತಂದ್ರ ಫಸ್ಟ್ ಕ್ಲಾಸ್ ಐತಿ."

"ಮಾಡಿದವರಿಗಿ ಕೇಳತೈತಿ," ಎಂದ ಗುರುಪಾದ.

"ಏನ್ರಿ?"

"ರಿಂಗ್ ಆಗೂದು."

"ಕೇಳದ ಏನ್ರಿ ಕಾಕಾ! ಇಷ್ಟ ವರ್ಷ ಫೋನ್ ಹಿಡದೀರಿ." ದುಂಡೇಶ ಮುದುಕನ ಕಡೆ ನೋಡಿ ಕಣ್ಣು ಹೊಡೆದ.

ಗೊತ್ತಿತ್ತು. ಯಾರಿಗೆ ಗೊತ್ತಿಲ್ಲ? ಸಾವಿರ ಸಲ ಅವನೇ ಕೇಳಿದ್ದ. ಆದರೆ ಆ ದಿನದ ಆ ತುದಿಗೆ ಅವನು ಒಮ್ಮೆಯೂ ಹೋಗಿರಲಿಲ್ಲ. ಮೂರು ವರ್ಷ ಈ ತುದಿಯಲ್ಲೇ, ತನ್ನ ತೊಡೆಯ ಕೆಳಗೇ, ಜಮಖಾನದ ಮೇಲೇ ಕೂತಿದ್ದ. ಬಸ್ಸಿನಲ್ಲಿ ಮರಳುವಾಗ ನಿಲ್ಲಲೂ ಜಾಗವಿರಲಿಲ್ಲ, ಕಂಬಿ ಹಿಡಿದು ಜೋಲಿ ಹೊಡೆಯುತ್ತಾ, ಕಿವಿಯಲ್ಲಿ ಅದೇ ಎರಡೆರಡು ಸದ್ದು. ಒಲೆಯ ಮುಂದೆ ನೆಲಕ್ಕೆ ಕಿವಿ ಹಚ್ಚಿ ಬಿದ್ದು ಅವಳು ಇದನ್ನು ಕೇಳಿದ್ದಳು. ಬಂದ್ ಆಗಿದೆ ಎಂಬ ಹೆಂಗಸಿನ ದನಿ ಕೇಳಿರಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ, ಚಾರ್ಜ್ ಇಳದು ಬಂದ್ ಆಗಿತ್ತವಾ ಎಂದು ಅವನು ಹೇಳಿದಾಗ ಅವಳಿಗೆ ಗೊತ್ತಿತ್ತು. ಬಂದವರಿಗೆಲ್ಲ ಮಗಳು ಹೇಳುವಾಗಲೂ ಗೊತ್ತಿತ್ತು. ನಾಲಿಗೆ ಇರಲಿಲ್ಲ, ಅಷ್ಟೇ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು, ಅದು ರೈಲ್ವೆ ಗೇಟಿನಲ್ಲಿ ಬಸ್ಸು ನಿಂತಾಗ ಹೊಳೆಯಿತು. ಬೇರೆ ಯಾವ ಹೆಂಗಸಾದರೂ ಗಂಡ ಫೋನು ಎತ್ತಲಿಲ್ಲ, ಕೇಳಿಸಿಲ್ಲವೇನೋ ಎಂದುಕೊಳ್ಳುತ್ತಿದ್ದಳು. ಗೌರವ್ವನಿಗೆ ಹಾಗಲ್ಲ. ಅವಳೇ ಮಾಡಿದ ಕಾಯ್ದೆ. ಬಡಕೊಂಡು ಬಡಕೊಂಡು ನಿಂತರೆ ಇಲ್ಲ ಎಂದರ್ಥ. ಅವಳಿಗೆ ಉತ್ತರ ಸಿಕ್ಕಿತ್ತು. ಪ್ರತಿ ಸಲವೂ ಸಿಕ್ಕಿತ್ತು. ಇಲ್ಲ ಎಂದು ಕೇಳಿಯೂ, ತಿಳಿದೂ, ಅರ್ಧ ಸತ್ತ ಮೈಯಲ್ಲಿ ಅವಳು ಮತ್ತೆ ಒತ್ತಿದ್ದಳು. ಆಕೀಗಿ ತಿಳೀತೈತಿ ಎಂದು ಅವನೇ ಜಮಖಾನಕ್ಕೆಲ್ಲ ಹೇಳಿದ್ದನಲ್ಲ. ಕಂಡಕ್ಟರು, ಅಜ್ಜಾರ, ಮುಂದ ಸರೀರಿ, ಎಂದ. ಅವನು ಸರಿಯಲಿಲ್ಲ. ಕರದಂಟು ಒಯ್ಯುವುದೂ ಮರೆತಿತ್ತು.

ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ದಾಕ್ಷಾಯಿಣಿ ಫೋನನ್ನು ಕಸಿದುಕೊಂಡು, ಮಂಚದ ಮೇಲೆ ತಾಯಿಯ ಎಡಬದಿಗೆ ಕೂತು, ಅವಳ ಹೆಬ್ಬೆರಳನ್ನು ಎರಡನೇ ಗುಂಡಿಯ ಮೇಲಿಟ್ಟು ಒತ್ತಿ ಹಿಡಿಸಿದಳು. ಗುರುಪಾದನ ಜೇಬಿನಲ್ಲಿದ್ದ ದೊಡ್ಡ ಫೋನು ಹಾಡತೊಡಗಿತು. "ಹಾಂ! ನೋಡ ಅವ್ವಾ, ಎಷ್ಟ ಸಸಾರ!" ಗೌರವ್ವನ ಬೆರಳು ಗುಂಡಿಯನ್ನು ಸವರುತ್ತಿತ್ತು. ಆ ಗುಂಡಿಗೆ ಆ ಬೆರಳು ತಿಳಿದಿತ್ತು. ದಾಕ್ಷಾಯಿಣಿಗೆ ಸಂತೋಷ ತಡೆಯಲಾಗಲಿಲ್ಲ. "ಏನರೆ ಬೇಕಾದ್ರ ಇದನ್ನ ಒತ್ತು. ಅಪ್ಪ ಓಡಿ ಬರ್ತಾನ. ಅವತ್ತಿನಂಗ ಬಂದ್ ಇಡಾಂಗಿಲ್ಲ ಈಗ, ನಾ ದಿನಾ ಚಾರ್ಜ್ ಕೇಳ್ತೇನಿ ಆತಗ. ಪಾಪ, ಅವತ್ತೊಂದ ಬಂದ್ ಇರಲಿಲ್ಲಂದ್ರ..."

"ಬಂದ್ ಇರಲಿಲ್ಲ," ಎಂದ ಗುರುಪಾದ.

ದಾಕ್ಷಾಯಿಣಿ ಮುಖವೆತ್ತಿದಳು. "ಏನಪಾ?"

"ಫೋನು. ಬಂದ್ ಇರಲಿಲ್ಲವಾ. ರಿಂಗ್ ಆಗಿತ್ತು. ಎಲ್ಲಾರೂ ನಗಾಕತ್ತಿದ್ರು... ನಾನ ಎತ್ತಲಿಲ್ಲ." ಹೇಳುತ್ತಿದ್ದದ್ದು ಮಗಳಿಗೆ, ನೋಡುತ್ತಿದ್ದದ್ದು ಮಂಚದ ಕಾಲನ್ನು. ಇನ್ನೊಂದು ಮಾತು ಹೇಳಲೇಬೇಕಾಗಿತ್ತು. ಅದನ್ನು ಹೇಳುವಾಗ, ಹೇಳುತ್ತಿರುವಾಗಲೇ, ನಾಲಿಗೆ ತಾನಾಗಿ ಅದನ್ನು ಸಣ್ಣದು ಮಾಡಿತು. "ಎರಡ ಸಲ ಆಗಿತ್ತು."

ಹೊರಗೆ ಯಾರೋ ಎಮ್ಮೆಗೆ ಹೊಯ್ ಹೊಯ್ ಎನ್ನುತ್ತಿದ್ದರು. ಗೌರವ್ವ ಫೋನನ್ನು ಹೊದಿಕೆಯ ಮೇಲೆ ಬಿಟ್ಟಳು. ಅವಳ ಎಡಗೈ ನಿಧಾನವಾಗಿ, ಮೊಣಕೈಯಿಂದ, ಮೇಲಕ್ಕೆ ಬಂತು. ಐದು ಬೆರಳೂ ಬಿಚ್ಚಿದವು. ಗುರುಪಾದ ಅದನ್ನು ನೋಡಿದ. ಐದು. ಟ್ರಂಕಿನಿಂದ ತೆಗೆದು ತೆಗೆದು ಅವನು ಓದಿದ ಐದು. ತಲೆದೂಗಿದ, ಹೌದು ಎಂದು. ಆದರೆ ಕೈ ಇಳಿಯಲಿಲ್ಲ. ಬೆರಳುಗಳು ಮಡಿಸಿಕೊಂಡು ಮುಷ್ಟಿಯಾದವು. ಮತ್ತೆ ಬಿಚ್ಚಿದವು, ಈ ಸಲ ಮೂರು.

ಆ ಫೋನು ಕೊನೆಯ ಐದನ್ನಷ್ಟೇ ಇಟ್ಟುಕೊಂಡಿತ್ತು. ಅದಕ್ಕೂ ಮುಂಚಿನ ಮೂರು ಅದರಲ್ಲಿ ಯಾವತ್ತೂ ಇರಲೇ ಇಲ್ಲ. ಅವನೂ ಅವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೂರು ಬೆರಳು ಗಾಳಿಯಲ್ಲಿ ನಿಂತಿದ್ದವು. ನಿಲ್ಲುವ ಶಕ್ತಿ ಅವಕ್ಕಿರಲಿಲ್ಲ. ದಾಕ್ಷಾಯಿಣಿ ಕೈಯನ್ನು ಇಳಿಸಲು ಹೋದಳು. ಗೌರವ್ವ ಬಿಡಲಿಲ್ಲ. ಅವಳ ಕಣ್ಣು ಗಂಡನ ಬಾಯಿಯ ಮೇಲಿತ್ತು.

"ಎಂಟು," ಎಂದ ಗುರುಪಾದ. "ಎಂಟ ಸಲ."

ಆಮೇಲೆ ಕೈ ಇಳಿಯಿತು.